ತಾಯಿಯ ಉಚಿತ ವಕೀಲರ ಅರ್ಜಿ 'ಆದಾಯ ಹೆಚ್ಚು' ಎಂದು ತಿರಸ್ಕೃತ: ಮುಂದೇನು?

ಆಸ್ತಿ ಪಾಲಿನ ದಾವೆಗೆ ಉಚಿತ ವಕೀಲರನ್ನು ಕೇಳಿ ನಿಮ್ಮ ತಾಯಿ ಕೊಟ್ಟ ಅರ್ಜಿಯನ್ನು ಬಹುಶಃ ತಪ್ಪು ಖಂಡದಡಿ ನೋಡಿದ್ದಾರೆ. ಉಚಿತ ಕಾನೂನು ನೆರವಿಗೆ ಯಾರು ಅರ್ಹರು ಎಂದು ಹೇಳುವ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಆದಾಯದ ಮಿತಿ ಇರುವುದು (ಎಚ್) ಖಂಡಕ್ಕೆ ಮಾತ್ರ; ಮಹಿಳೆಯರು ಬರುವ (ಸಿ) ಖಂಡಕ್ಕೆ ಮಿತಿಯೇ ಇಲ್ಲ. ನಮೂನೆಯಲ್ಲಿ ಆದಾಯದ ಅಂಕಣ ಕಂಡರೆ ಎಲ್ಲರೂ ತುಂಬಿಬಿಡುತ್ತಾರೆ, ಪರಿಶೀಲಿಸುವವರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಮೊದಲು ತಿರಸ್ಕಾರದ ಆದೇಶವನ್ನು ಕಾರಣಸಹಿತ ಬರಹದಲ್ಲಿ ಪಡೆಯಿರಿ. ಅದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಯದಾದರೆ, ಅಧ್ಯಕ್ಷರಾದ ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ ಸಲ್ಲಿಸಿ. 12(ಸಿ) ಎಂಬುದು ಮೊದಲ ಸಾಲಿನಲ್ಲೇ ಇರಲಿ. ಅವರ ತೀರ್ಮಾನವೇ ಅಂತಿಮ, ಹಾಗಾಗಿ ಕಾಗದಗಳನ್ನು ಈಗಲೇ ಪೂರ್ತಿ ಕೊಡಿ.

ಆದೇಶದಲ್ಲಿ 'ಮೇಲ್ನೋಟಕ್ಕೆ ಪ್ರಕರಣವಿಲ್ಲ' (ಅಂದರೆ ದಾವೆಗೆ ಆಧಾರ ಕಾಣುತ್ತಿಲ್ಲ) ಎಂದೂ ಇದ್ದರೆ ಮಾತು ಬೇರೆ. ಆಗ ಪಹಣಿ, ವಂಶವೃಕ್ಷ ಲಗತ್ತಿಸಲೇಬೇಕು. ದಾವೆಯ ಮುಂದಿನ ವಿಚಾರಣೆಯ ದಿನ ಹತ್ತಿರವಿದ್ದರೆ ಮೇಲ್ಮನವಿಯ ಸ್ವೀಕೃತಿ ತೋರಿಸಿ ನ್ಯಾಯಾಲಯದಲ್ಲಿ ಕಾಲಾವಕಾಶ ಕೇಳಿ.