ಓದುಗರ ಪ್ರಶ್ನೆ: ಬಾಟಲಿ ತೋರಿಸದೆ ಕುಡಿತದ ಫೋಟೊ ತೆಗೆಯೋದು ಹೇಗೆ?

ಕುಡಿತದ ಹಾನಿಯನ್ನು ಫೋಟೊ ಮೂಲಕ ವಿದ್ಯಾರ್ಥಿಗಳಿಗೆ ತಿಳಿಸುವ ಬಗ್ಗೆ ಬಂದ ಐದು ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಕಾಲೇಜು ಉಪನ್ಯಾಸಕಿ. ಕುಡಿತದ ಹಾನಿ ಬಗ್ಗೆ ಫೋಟೊ ಸ್ಪರ್ಧೆ ಇಟ್ಟಿದ್ದೆವು. ಬಂದ ಚಿತ್ರಗಳಲ್ಲಿ ಮುಕ್ಕಾಲು ಪಾಲು ಬಾಟಲಿ, ಗ್ಲಾಸು, ಇಲ್ಲವೇ ರಸ್ತೆ ಬದಿ ಬಿದ್ದ ಕುಡುಕರದ್ದೇ. ನೋಡಿದವರು ನಕ್ಕು ಮುಂದೆ ಹೋದರು. ಎಲ್ಲಿ ಎಡವಿದೆವು?

ಮೊದಲು ಬಾಟಲಿ ವಿಷಯ. ಹಿಂದಿನಿಂದ ಬೆಳಕು ಬಿದ್ದ ಬಾಟಲಿ, ತಣ್ಣಗೆ ಬೆವರಿದ ಗ್ಲಾಸು ಕ್ಯಾಮೆರಾದಲ್ಲಿ ತುಂಬಾ ಚೆನ್ನಾಗಿ ಕಾಣುತ್ತವೆ. ಜಾಹೀರಾತಿನವರೂ ಅದನ್ನೇ ತೆಗೆಯುತ್ತಾರೆ. ಕೆಳಗೆ ‘ಕುಡಿತ ಕೆಟ್ಟದ್ದು’ ಅಂತ ಬರೆದರೂ ಕಣ್ಣಿಗೆ ಹಿಡಿಸುವುದು ಗ್ಲಾಸೇ. ಕುಡಿಯುವ ಅಭ್ಯಾಸ ಇರುವವರಿಗೆ ಬರೀ ಆ ಚಿತ್ರ ನೋಡಿದರೂ ಆಸೆ ಕೆರಳಬಹುದು.

ಇನ್ನು ರಸ್ತೆ ಬದಿ ಬಿದ್ದವರು. ಆ ಚಿತ್ರ ನೋಡಿದ ಹುಡುಗನ ಮನಸ್ಸಿನಲ್ಲಿ ಬರುವ ಮಾತು ಒಂದೇ: ‘ನಾನು ಹಾಗಲ್ಲ.’ ಅಲ್ಲಿಗೆ ವಿಷಯ ಬೇರೆ ಯಾರದ್ದೋ ಆಯಿತು. ಅದೂ ಅಲ್ಲದೆ, ಅನುಮತಿ ಕೊಡಲಾಗದ ಸ್ಥಿತಿಯಲ್ಲಿರುವ ಮನುಷ್ಯನ ಚಿತ್ರ ಅದು. ಅವರ ಮಕ್ಕಳು ನಿಮ್ಮ ಕಾಲೇಜಿನಲ್ಲೇ ಓದುತ್ತಿರಬಹುದು, ಅಲ್ವಾ?

ಸ್ಪರ್ಧೆ ಅನ್ನುವುದನ್ನೇ ಬಿಟ್ಟುಬಿಡಿ ಅಂತ ನನ್ನ ಸಲಹೆ. ಬಹುಮಾನ ಇದ್ದರೆ ಮಕ್ಕಳು ಗೆಲ್ಲುವ ಚಿತ್ರ ಹುಡುಕುತ್ತಾರೆ, ತಮಗೆ ಗೊತ್ತಿರುವ ಚಿತ್ರವನ್ನಲ್ಲ. ಇದಕ್ಕೆ ಫೋಟೊವಾಯ್ಸ್ ಅನ್ನುವ ಬೇರೆ ದಾರಿ ಇದೆ. 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಇದನ್ನು ರೂಪಿಸಿದರು. ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು, ನಿಮ್ಮ ಬದುಕನ್ನು ನೀವೇ ತೋರಿಸಿ ಅಂದರು. ಆಮೇಲೆ ಎಲ್ಲರೂ ಕೂತು ಆ ಚಿತ್ರಗಳ ಬಗ್ಗೆ ಮಾತಾಡಿದರು. ಆ ಮಾತುಕತೆಯೇ ಈ ವಿಧಾನದ ಜೀವಾಳ. ಒಂದು ಚಿತ್ರ ಮುಂದಿಟ್ಟುಕೊಂಡು ಐದು ಪ್ರಶ್ನೆ ಕೇಳಬೇಕು. ಇಲ್ಲಿ ಏನು ಕಾಣುತ್ತಿದೆ? ನಿಜವಾಗಿ ಏನು ನಡೆಯುತ್ತಿದೆ? ಇದಕ್ಕೂ ನಮ್ಮ ಬದುಕಿಗೂ ಏನು ಸಂಬಂಧ? ಇದು ಯಾಕೆ ಹೀಗಿದೆ? ನಾವೇನು ಮಾಡಬಹುದು?

ಮೊದಲ ಎರಡು ಪ್ರಶ್ನೆಗಳ ನಡುವೆ ಎಷ್ಟು ದೂರ ಇದೆ ಅಂತ ನನಗೆ ಕಲಿಸಿದ್ದು ಒಬ್ಬ ಹುಡುಗಿ. ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ನಾನು ನಡೆಸಿದ ಇಂಥದೇ ಒಂದು ಶಿಬಿರಕ್ಕೆ ಅವಳು ತಂದಿದ್ದು ಒಂದು ಸ್ಕೂಲ್ ಬ್ಯಾಗಿನ ಫೋಟೊ. ಮುಂಬಾಗಿಲ ಪಕ್ಕ ಗೋಡೆಗೆ ಒರಗಿಸಿಟ್ಟ ಬ್ಯಾಗು. ಜಿಪ್ ಪೂರ್ತಿ ಎಳೆದಿದೆ. ಮೇಲೆ ಒಂದು ಜೊತೆ ಶೂ, ಶೂ ಒಳಗೆ ಮಡಚಿಟ್ಟ ಸಾಕ್ಸ್. ಏನು ಕಾಣುತ್ತಿದೆ ಅಂತ ಕೇಳಿದೆ. ‘ನಾಳೆ ಶಾಲೆಗೆ ರೆಡಿ ಮಾಡಿಟ್ಟಿದ್ದಾಳೆ’ ಅಂದರು ಎಲ್ಲರೂ. ನಿಜವಾಗಿ ಏನು ನಡೆಯುತ್ತಿದೆ ಅಂತ ಅವಳನ್ನು ಕೇಳಿದೆ. ‘ಅಪ್ಪ ಕುಡಿದು ಬಂದು ಜಗಳ ಶುರುವಾದರೆ ನಾನು, ತಮ್ಮ ಪಕ್ಕದ ಮನೆಗೆ ಹೋಗ್ತೀವಿ. ಬೆಳಿಗ್ಗೆ ಅಲ್ಲಿಂದಲೇ ಶಾಲೆಗೆ’ ಅಂದಳು. ಕೋಣೆಯಲ್ಲಿ ಯಾರೂ ನಗಲಿಲ್ಲ. ಆ ಚಿತ್ರದಲ್ಲಿ ಬಾಟಲಿ ಇರಲಿಲ್ಲ, ಕುಡುಕನೂ ಇರಲಿಲ್ಲ.

ನಿಮ್ಮ ಮಕ್ಕಳಿಗೂ ಇಷ್ಟೇ ಹೇಳಿ: ಬಾಟಲಿ, ಗ್ಲಾಸು, ಕುಡಿದವರ ಮುಖ ಮೂರೂ ಚಿತ್ರದಲ್ಲಿ ಬರಬಾರದು. ಎರಡು ವಾರ ಟೈಮ್ ಕೊಡಿ. ಎಂಟು ಹತ್ತು ಮಂದಿಯ ಸಣ್ಣ ಗುಂಪು ಸಾಕು.

ಇನ್ನೊಂದು ಮಾತು, ಇದು ಮುಖ್ಯ. ಇಂಥ ಚಿತ್ರ ಬಂದಾಗ ಏನು ಮಾಡುತ್ತೀರಿ ಅಂತ ಮೊದಲೇ ಯೋಚಿಸಿಡಿ. ಆಪ್ತಸಮಾಲೋಚಕರು ಒಬ್ಬರು ಮೊದಲ ದಿನದಿಂದಲೇ ಜೊತೆಗಿರಲಿ. ‘ಯಾರಿಗೂ ಹೇಳಲ್ಲ’ ಅಂತ ಮಕ್ಕಳಿಗೆ ಮಾತು ಕೊಡಬೇಡಿ. ಮಗುವಿಗೆ ಅಪಾಯ ಇದೆ ಅಂತ ಗೊತ್ತಾದರೆ ನೀವು ಹೇಳಲೇಬೇಕಾಗುತ್ತದೆ.

ಪ್ರಶ್ನೆ: ನಾನು ಡಿಗ್ರಿ ವಿದ್ಯಾರ್ಥಿ. ನನ್ನ ಹತ್ತಿರ ಇರೋದು ಫೋನ್ ಮಾತ್ರ. ಕುಡಿದರೆ ಮೆದುಳಿಗೆ ಏನಾಗುತ್ತದೆ ಅನ್ನೋದನ್ನು ಫೋಟೊದಲ್ಲಿ ತೋರಿಸಬಹುದಾ?

ಖಂಡಿತ ತೋರಿಸಬಹುದು. ನನಗೆ ತುಂಬಾ ಇಷ್ಟವಾದ ಒಂದು ಉಪಾಯ ಹೇಳುತ್ತೇನೆ. ಒಂದು ರಾತ್ರಿಯ ಕಥೆಯನ್ನು ಒಂಬತ್ತು ಚಿತ್ರಗಳಲ್ಲಿ ತೆಗೆಯಿರಿ. ಮನೆಯಿಂದ ಹೊರಡುವುದು, ಗೆಳೆಯರು ಸಿಗುವುದು, ನಗು, ಹೀಗೆ. ಐದು, ಆರು, ಏಳನೇ ಜಾಗದಲ್ಲಿ ಬರೀ ಕಪ್ಪು ಹಾಳೆ ಅಂಟಿಸಿ. ಎಂಟನೇ ಚಿತ್ರದಲ್ಲಿ ಗೊತ್ತಿಲ್ಲದ ಕೋಣೆಯ ಸೀಲಿಂಗು. ಒಂಬತ್ತರಲ್ಲಿ ಒಡೆದ ಫೋನ್.

ಜಾಸ್ತಿ ಕುಡಿದಾಗ ಆಗುವ ಬ್ಲ್ಯಾಕ್‌ಔಟ್ ಹೀಗೇ ಇರುತ್ತದೆ. ಆ ಹೊತ್ತಿನಲ್ಲಿ ಮನುಷ್ಯ ಎಚ್ಚರ ಇರುತ್ತಾನೆ. ನಡೆಯುತ್ತಾನೆ, ಮಾತಾಡುತ್ತಾನೆ, ಗಾಡಿ ಕೂಡ ಓಡಿಸಿಬಿಡಬಹುದು. ಆದರೆ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಅನ್ನುವ ಮೆದುಳಿನ ಭಾಗ ಕೆಲಸ ನಿಲ್ಲಿಸಿರುತ್ತದೆ. ಕ್ಯಾಮೆರಾ ಆನ್ ಇದೆ, ಮೆಮೊರಿ ಕಾರ್ಡ್ ಇಲ್ಲ ಅಂದ ಹಾಗೆ. ಹಾಗಾಗಿ ಆ ನೆನಪು ಆಮೇಲೆ ಮರಳಿ ಬರುವುದಿಲ್ಲ. ಅದು ದಾಖಲೇ ಆಗಿರುವುದಿಲ್ಲ.

ಅಮಲೇರಿದವನಿಗೆ ಸುತ್ತಲಿನದೆಲ್ಲ ಕಲಸಿದ ಹಾಗೆ ಕಾಣುವುದನ್ನೂ ತೋರಿಸಬಹುದು. ಫೋನ್ ಕ್ಯಾಮೆರಾದಲ್ಲಿ ಪ್ರೊ ಮೋಡ್, ಅಂದರೆ ಎಲ್ಲವನ್ನೂ ನಾವೇ ಹೊಂದಿಸುವ ಆಯ್ಕೆ, ಇದ್ದರೆ ಶಟರ್ ವೇಗವನ್ನು ಕಾಲು ಸೆಕೆಂಡಿಗೆ ಇಳಿಸಿ. ಮಬ್ಬು ಬೆಳಕಿರಲಿ, ಫೋನನ್ನು ಅಲ್ಲಾಡದ ಹಾಗೆ ಮೇಜಿನ ಮೇಲೆ ಊರಿ. ಎದುರಿಗೆ ಒಬ್ಬ ಗೆಳೆಯ ಕದಲದೆ ನಿಲ್ಲಲಿ, ಉಳಿದವರು ಅವನ ಸುತ್ತ ನಡೆದಾಡಲಿ. ಅವನು ಸ್ಪಷ್ಟ, ಸುತ್ತಲಿನ ಲೋಕವೆಲ್ಲ ಕಲಸಿದ ಹಾಗೆ ಬರುತ್ತದೆ. ಕುಡಿಯದೆ ನಿಂತವನ ಒಂಟಿತನ ತೋರಿಸಲಿಕ್ಕೂ ಇದೇ ಚಿತ್ರ ಸಾಕು.

ಗಡಿಯಾರ ಮತ್ತು ಗಾಡಿ ಕೀಯನ್ನು ಇಟ್ಟುಕೊಂಡೂ ಒಂದು ಸರಣಿ ಮಾಡಬಹುದು. ಮದ್ಯವನ್ನು ಕರಗಿಸುವ ಕೆಲಸ ಹೆಚ್ಚಾಗಿ ಲಿವರ್‌ನದ್ದು. ಗಂಟೆಗೆ ಸುಮಾರು 7ರಿಂದ 10 ಗ್ರಾಂ ಶುದ್ಧ ಆಲ್ಕೋಹಾಲ್, ಅಷ್ಟೇ ಅದರ ಕೈಲಿ ಆಗುವುದು. ಶೇಕಡ 5ರಷ್ಟು ಆಲ್ಕೋಹಾಲ್ ಇರುವ 330 ಮಿಲಿಲೀಟರ್ ಬಿಯರಿನಲ್ಲೇ 13 ಗ್ರಾಂ ಇರುತ್ತದೆ. ರಾತ್ರಿ 12ರ ಹೊತ್ತಿಗೆ ಅಂಥ ನಾಲ್ಕು ಮುಗಿಸಿದವನ ರಕ್ತದಲ್ಲಿ ಬೆಳಿಗ್ಗೆ 5ಕ್ಕೂ ಆಲ್ಕೋಹಾಲ್ ಇರಬಹುದು. ಕಾಫಿ ಕುಡಿದರೂ, ತಣ್ಣೀರು ಸುರಿದುಕೊಂಡರೂ ಲಿವರ್ ಬೇಗ ಓಡುವುದಿಲ್ಲ. ಗಂಟೆಗೊಂದು ಚಿತ್ರ: ಅದೇ ಗಡಿಯಾರ, ಅದೇ ಕೀ, ಬದಲಾಗುವ ಬೆಳಕು. ಕೊನೆಯ ಚಿತ್ರದಲ್ಲಿ ಬೆಳಗಾಗಿದೆ, ಕೀಯ ಮೇಲೆ ಒಂದು ಕೈ ಇದೆ.

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಶಾಲೆಯಲ್ಲಿ ಇಂಥ ಪ್ರದರ್ಶನ ಇದೆಯಂತೆ. ಸುಮ್ನೆ ಇದ್ದ ಮಕ್ಕಳಿಗೆ ಇಲ್ಲದ ಕುತೂಹಲ ಹುಟ್ಟಿಸಿದ ಹಾಗೆ ಆಗಲ್ವಾ?

ನಿಮ್ಮ ಆತಂಕ ಸರಿಯಾದದ್ದೇ, ಅಮ್ಮ. ಆದರೆ ಅದು ಯಾವ ಚಿತ್ರ ತೋರಿಸುತ್ತಾರೆ ಅನ್ನುವುದರ ಮೇಲಿದೆ. ಕುಡಿತ, ಪಾರ್ಟಿ, ಗಲಾಟೆಯ ಚಿತ್ರಗಳೇ ತುಂಬಿದ್ದರೆ ‘ಎಲ್ಲರೂ ಕುಡೀತಾರೆ’ ಅನ್ನುವ ಭಾವನೆ ಬರುತ್ತದೆ. ಅಮೆರಿಕದಲ್ಲಿ ಪರ್ಕಿನ್ಸ್ ಮತ್ತು ಬರ್ಕೊವಿಟ್ಜ್ ಅನ್ನುವ ಸಂಶೋಧಕರು 1986ರಲ್ಲೇ ಇಂಥ ತಪ್ಪು ಭಾವನೆಯನ್ನು ಗಮನಿಸಿದ್ದರು. ತಮ್ಮ ಓರಗೆಯವರು ನಿಜಕ್ಕೂ ಒಪ್ಪುವುದಕ್ಕಿಂತ ಜಾಸ್ತಿ ಕುಡಿತವನ್ನು ಒಪ್ಪುತ್ತಾರೆ ಅಂತ ವಿದ್ಯಾರ್ಥಿಗಳು ಅಂದುಕೊಂಡಿರುತ್ತಾರೆ. ಆ ತಪ್ಪು ಲೆಕ್ಕವೇ ಅವರನ್ನು ಕುಡಿತದ ಕಡೆ ಎಳೆಯಬಹುದು.

ಪ್ರದರ್ಶನ ನೋಡಿ ಬಂದ ಮೇಲೆ ಮಗಳ ಜೊತೆ ಕೂತು ‘ಯಾವ ಫೋಟೊ ನೆನಪಲ್ಲಿ ಉಳಿಯಿತು?’ ಅಂತ ಕೇಳಿ. ಉಪದೇಶ ಬೇಡ, ಕೇಳಿಸಿಕೊಳ್ಳಿ. ಅವಳು ಏನಾದರೂ ಕೇಳಿದರೆ ನೇರವಾಗಿ ಉತ್ತರಿಸಿ. ಮದ್ಯ ಕ್ಯಾನ್ಸರ್ ತರುತ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ. ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವಂಥ ಸುರಕ್ಷಿತ ಪ್ರಮಾಣ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಮೆದುಳು ಸುಮಾರು 25 ವರ್ಷದವರೆಗೂ ಬೆಳೆಯುತ್ತಲೇ ಇರುತ್ತದೆ. 15ರ ಹುಡುಗಿಗೆ ಇದೆಲ್ಲ ಚೆನ್ನಾಗಿ ಅರ್ಥವಾಗುತ್ತದೆ.

ಪ್ರಶ್ನೆ: ನಮ್ಮಪ್ಪ ದಿನಾ ಕುಡಿಯುತ್ತಾರೆ. ಶಾಲೆಯ ಪ್ರಾಜೆಕ್ಟಿಗೆ ಮನೆಯ ಫೋಟೊ ಕೊಡಬೇಕು ಅನ್ನಿಸುತ್ತಿದೆ, ಭಯವೂ ಆಗುತ್ತಿದೆ. ಕೊಡಲಾ?

ಇದನ್ನು ಬರೆದು ಕಳಿಸಿದೆಯಲ್ಲ, ಅದಕ್ಕೇ ಎಷ್ಟು ಧೈರ್ಯ ಬೇಕು ಅಂತ ನನಗೆ ಗೊತ್ತು. ಅಪ್ಪನ ಕುಡಿತಕ್ಕೆ ನೀನು ಕಾರಣ ಅಲ್ಲ. ಅದನ್ನು ಬಿಡಿಸುವ ಹೊಣೆಯೂ ನಿನ್ನದಲ್ಲ.

ಅಪ್ಪ ಕುಡಿದಿರುವಾಗ ಅವರ ಮುಂದೆ ಫೋನ್ ಹಿಡಿಯಬೇಡ. ಅವರಿಗೆ ಗೊತ್ತಾದರೆ ಸಿಟ್ಟು ನಿನ್ನ ಮೇಲೆ ತಿರುಗಬಹುದು. ಮನೆಯ ಜಗಳದ ಚಿತ್ರವೂ ಬೇಡ. ನಿನಗೆ ತೆಗೆಯಬೇಕು ಅನ್ನಿಸಿದರೆ ನಿನ್ನದೇ ವಸ್ತುವನ್ನು ತೆಗೆ. ನೀನು ಹೋಗಿ ಕೂರುವ ಮೂಲೆ, ರಾತ್ರಿ ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನ್, ಓದಲಾಗದೆ ತೆರೆದಿಟ್ಟ ಪುಸ್ತಕ. ಕೊಡುವ ಮೊದಲು ನಂಬಿಕೆ ಇರುವ ಒಬ್ಬ ಟೀಚರಿಗೆ ತೋರಿಸು. ಹೆಸರು ಹಾಕಬಾರದು ಅಂತ ಹೇಳು. ಫೋನ್ ಫೋಟೊದ ಒಳಗೆ ತೆಗೆದ ಜಾಗದ ವಿವರವೂ ಸೇರಿರಬಹುದು, ಅದಕ್ಕೆ ಮೊದಲೇ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಕೋ. ಕೊಟ್ಟ ಮೇಲೆ ಮನಸ್ಸು ಬದಲಾದರೆ ವಾಪಸ್ ಕೇಳು. ಅದು ನಿನ್ನ ಚಿತ್ರ.

ಕೊಡದೇ ಇದ್ದರೂ ಏನೂ ತಪ್ಪಿಲ್ಲ. ಆದರೆ ಮನೆಯಲ್ಲಿ ಹೊಡೆತ ಬೀಳುತ್ತಿದ್ದರೆ ಫೋಟೊ ವಿಷಯ ಬದಿಗಿಡು. ಇವತ್ತೇ ಒಬ್ಬ ದೊಡ್ಡವರಿಗೆ ಬಾಯಿಬಿಟ್ಟು ಹೇಳು. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳು.

ಪ್ರಶ್ನೆ: ಪಾರ್ಟಿಯಲ್ಲಿ ಗೆಳೆಯ ಕುಡಿದು ಪ್ರಜ್ಞೆ ತಪ್ಪಿ ಮಲಗಿದ್ದಾಗ ಫೋಟೊ ತೆಗೆದೆವು. ಮುಖ ಮಬ್ಬು ಮಾಡಿ ಜಾಗೃತಿ ಪ್ರದರ್ಶನಕ್ಕೆ ಹಾಕಬಹುದಾ?

ಬೇಡ. ಮುಖ ಮಬ್ಬಾದರೂ ಅಂಗಿ, ವಾಚು, ಪಕ್ಕದಲ್ಲಿ ಕೂತವರು ಯಾರು ಅಂತ ನೋಡಿದರೆ ಇಡೀ ಕಾಲೇಜಿಗೆ ಗೊತ್ತಾಗುತ್ತದೆ.

ನನಗೆ ಕಾಡುತ್ತಿರುವುದು ಆ ರಾತ್ರಿ. ಅಷ್ಟು ಕುಡಿದವನು ‘ಮಲಗಿದ್ದಾನೆ’ ಅಂತ ಬಿಡಬಾರದು. ಹೊಟ್ಟೆಯಲ್ಲಿರುವ ಮದ್ಯ ಇನ್ನೂ ರಕ್ತಕ್ಕೆ ಸೇರುತ್ತಿರುತ್ತದೆ, ಮಲಗಿದ ಮೇಲೂ ಸ್ಥಿತಿ ಕೆಡಬಹುದು. ಅಂಗಾತ ಮಲಗಿದವನು ವಾಂತಿ ಮಾಡಿಕೊಂಡರೆ ಅದು ಉಸಿರ ದಾರಿಗೆ ಹೋಗಿ ಜೀವವೇ ಹೋಗಬಹುದು. ಇನ್ನು ಮುಂದೆ ಹೀಗಾದರೆ ಫೋನನ್ನು ಫೋಟೊಗೆ ತೆಗೆಯಬೇಡಿ, ಆಂಬುಲೆನ್ಸಿಗೆ ಕರೆ ಮಾಡಲು ತೆಗೆಯಿರಿ. ಎಬ್ಬಿಸಿದರೂ ಏಳುತ್ತಿಲ್ಲ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಎರಡು ಉಸಿರಿನ ನಡುವೆ ಹತ್ತು ಸೆಕೆಂಡು ಅಥವಾ ಜಾಸ್ತಿ ಬಿಡುವು, ತುಟಿ ನೀಲಿ, ಮೈ ತಣ್ಣಗೆ: ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಆಂಬುಲೆನ್ಸ್ ಬರುವವರೆಗೆ ಅವನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒಬ್ಬರು ಪಕ್ಕದಲ್ಲೇ ಕೂತು ಉಸಿರು ಎಣಿಸುತ್ತಿರಿ. ಮನೆಯವರಿಗೆ ಗೊತ್ತಾಗುತ್ತದೆ ಅನ್ನುವ ಭಯಕ್ಕೆ ತಡ ಮಾಡಬೇಡಿ.

ಈಗ ಆ ಗೆಳೆಯನ ಹತ್ತಿರ ಹೋಗಿ. ಹೀಗೊಂದು ಫೋಟೊ ಇದೆ ಅಂತ ತೋರಿಸಿ, ಕ್ಷಮೆ ಕೇಳಿ. ಅವನ ಎದುರಿಗೇ ಅಳಿಸಿ. ಗ್ರೂಪಿನಲ್ಲಿ ಹಂಚಿದ್ದರೆ ಅಲ್ಲಿಂದಲೂ, ಫೋನಿನ ಟ್ರ್ಯಾಶ್‌ನಿಂದಲೂ.