ಮಕ್ಕಳ ಜೊತೆ ಬಂಡೆ ಹತ್ತಲು ಬೆಂಗಳೂರಿನಿಂದ ಎಲ್ಲಿಗೆ ಹೋಗಬಹುದು?

ಮಗನಿಗೆ 6 ವರ್ಷ, ಮಗಳಿಗೆ 10, ಕೃತಕ ಗೋಡೆ ಹತ್ತಿ ಇಬ್ಬರಿಗೂ ರುಚಿ ಸಿಕ್ಕಿದೆ, ಈಗ ನಿಜವಾದ ಬಂಡೆ ಬೇಕಂತೆ, ನಾವು ಗಂಡ ಹೆಂಡತಿ ಎಂದೂ ಹತ್ತಿದವರಲ್ಲ, ಎಲ್ಲಿಗೆ ಕರೆದುಕೊಂಡು ಹೋಗೋಣ ಎಂದು ಕೇಳಿದ್ದೀರಿ. ನನ್ನ ಉತ್ತರ: ಮೊದಲ ಸಲಕ್ಕೆ ರಾಮನಗರದ ಸುತ್ತಲಿನ ಚಿಕ್ಕ ಹಾಸುಬಂಡೆಗಳು. ನಾಲ್ಕು ದಿನ ರಜೆ ಸಿಕ್ಕಾಗ ಬಾದಾಮಿ. ಹಂಪಿ ಅದಾದ ಮೇಲೆ. ಸಾವನದುರ್ಗ ಈಗ ಬೇಡ. ಹೀಗೇಕೆ ಹೇಳುತ್ತಿದ್ದೇನೆ ಎನ್ನುವುದು ಸ್ವಲ್ಪ ಉದ್ದದ ಮಾತು, ತಾಳ್ಮೆಯಿಂದ ಓದಿ.

ನಾನು ಹುಟ್ಟಿ ಬೆಳೆದದ್ದು ಮಧುಗಿರಿ ಕಡೆ. ಊರ ಹಿಂದಿನ ಜಾರುಬಂಡೆಯ ಮೇಲೆ ತೆಂಗಿನ ಮಟ್ಟೆ ಹಾಕಿಕೊಂಡು ಕೂತು ಜಾರುತ್ತಾ, ಲಂಗದ ಹಿಂಭಾಗ ಹರಿದುಕೊಂಡು ಅಜ್ಜಿಯ ಕೈಲಿ ಬೈಸಿಕೊಂಡವಳು. ಹಗ್ಗ ಕಟ್ಟಿ ಹತ್ತುವುದನ್ನು ಕಲಿತದ್ದು ಮಾತ್ರ ಬೆಂಗಳೂರಿಗೆ ಬಂದಮೇಲೆ, ಮದುವೆಯಾದ ಮೇಲೆ. ಈಗ ನನ್ನ ಮಗಳಿಗೆ 12, ಮಗನಿಗೆ 8. ಐದು ವರ್ಷದಿಂದ ಚಳಿಗಾಲದ ಭಾನುವಾರಗಳಲ್ಲಿ ಹೆಚ್ಚಿನವು ಬಂಡೆಯ ಬುಡದಲ್ಲೇ ಕಳೆದಿವೆ.

ಬುಡ ಎಂದೆನಲ್ಲ, ಮಕ್ಕಳಿರುವವರು ಜಾಗ ಆರಿಸುವಾಗ ಮೊದಲು ನೋಡಬೇಕಾದದ್ದು ಅದನ್ನೇ. ಬಂಡೆ ಎಷ್ಟು ಎತ್ತರ, ಎಷ್ಟು ಚಂದ ಅನ್ನುವುದೆಲ್ಲ ಆಮೇಲೆ. ನಾಲ್ಕು ಗಂಟೆ ಹೊತ್ತು ಅಲ್ಲಿದ್ದರೆ ಒಂದು ಮಗು ಹಗ್ಗದಲ್ಲಿರುವುದು ಹೆಚ್ಚೆಂದರೆ ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಅದು ಕೆಳಗೆ ಓಡಾಡಿಕೊಂಡಿರುತ್ತದೆ. ಆ ಕೆಳಗಿನ ಜಾಗ ಸಮತಟ್ಟಾಗಿದೆಯೇ? ಹತ್ತು ಹೆಜ್ಜೆ ಆಚೆ ಪ್ರಪಾತವೋ ಹಾಳು ಬಾವಿಯೋ ಕಲ್ಲುಗಣಿಯ ಹೊಂಡವೋ ಇದೆಯೇ? ಮರದ ನೆರಳು ಇದೆಯೇ? ಮೇಲಿಂದ ಸಣ್ಣ ಕಲ್ಲು ಉರುಳಿದರೆ ಬೀಳುವ ಗೆರೆಯಿಂದ ಆಚೆ ಚಾಪೆ ಹಾಸಲು ತಾವಿದೆಯೇ? ಕಾಲು ಉಳುಕಿದ ಮಗುವನ್ನು ಬೆನ್ನ ಮೇಲೆ ಹೊತ್ತು ಇಪ್ಪತ್ತು ನಿಮಿಷದೊಳಗೆ ಗಾಡಿ ಮುಟ್ಟಬಹುದೇ? ಇವಕ್ಕೆಲ್ಲ ಉತ್ತರ ಸರಿ ಬಂದರೆ 30 ಅಡಿಯ ಸಾಧಾರಣ ಬಂಡೆಯೂ ಮಕ್ಕಳಿಗೆ ಸ್ವರ್ಗ.

ರಾಮನಗರ ಈ ಲೆಕ್ಕಕ್ಕೆ ಚೆನ್ನಾಗಿ ಕೂರುತ್ತದೆ. ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್, ಮೈಸೂರು ಕಡೆಯ ರೈಲಿನಲ್ಲೂ ಹೋಗಬಹುದು. ಅಲ್ಲಿನ ಕಲ್ಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ಕ್ಲೋಸ್‌ಪೇಟೆ ಎನ್ನುವುದು ರಾಮನಗರದ್ದೇ ಹಳೆಯ ಹೆಸರು. ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಬಂಡೆಗೆ ಮುಖವಿಟ್ಟು ನೋಡಿದರೆ ಬೆರಳಿನಗಲದ ನಸುಗೆಂಪು ಹರಳುಗಳು ಕಾಣುತ್ತವೆ. ಅವು ಫೆಲ್ಡ್‌ಸ್ಪಾರ್. ಉಳಿದ ಭಾಗ ಸವೆದು ಈ ಹರಳುಗಳು ಒಂಚೂರು ಉಬ್ಬಿ ನಿಂತಿರುವುದರಿಂದ ಶೂ ಗಟ್ಟಿಯಾಗಿ ಕಚ್ಚುತ್ತದೆ. ನನ್ನ ಮಗ ಅವನ್ನು 'ಕಡಲೆಮಿಠಾಯಿಯಲ್ಲಿನ ಕಡಲೆಬೀಜ' ಎಂದು ಕರೆದು ಆ ಬೀಜ ಹುಡುಕಿ ಹುಡುಕಿ ಕಾಲಿಡುತ್ತಾನೆ. ಓರೆಯಾಗಿ ಒರಗಿದ ಹಾಸುಬಂಡೆಯಲ್ಲಿ ಮೈಭಾರವೆಲ್ಲ ಕಾಲ ಮೇಲೆ ಬೀಳುತ್ತದೆ, ತೋಳಿನ ಬಲ ಹೆಚ್ಚು ಬೇಕಿಲ್ಲ. ಹಾಗಾಗಿ ಇಂಥ ಕಲ್ಲಿನಲ್ಲಿ ಹಗುರ ಮೈಯ ಮಕ್ಕಳು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ.

ಆದರೆ ರಾಮದೇವರ ಬೆಟ್ಟವನ್ನು ಹತ್ತುವ ಜಾಗವೆಂದು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಅದು 2012ರಿಂದ ರಣಹದ್ದುಗಳ ವನ್ಯಧಾಮ. ಉದ್ದ ಕೊಕ್ಕಿನ ರಣಹದ್ದು ಮೊಟ್ಟೆಯಿಟ್ಟು ಮರಿ ಮಾಡುವುದು ಇದೇ ಚಳಿಗಾಲದಲ್ಲಿ, ಕಡಿದಾದ ಬಂಡೆಯ ಚಾಚುಗಳ ಮೇಲೆ. ಅಲ್ಲಿಗೆ ಮೆಟ್ಟಿಲು ಹತ್ತಿ ದೇವಸ್ಥಾನ ನೋಡಲು, ದುರ್ಬೀನು ಹಿಡಿದು ಹಕ್ಕಿ ನೋಡಲು ಹೋಗಿ. ಹಗ್ಗ ಕಟ್ಟಲು ಸುತ್ತಮುತ್ತ ಬೇರೆ ಬಂಡೆಗಳು ಬೇಕಾದಷ್ಟಿವೆ, ತರಬೇತಿ ಕೊಡುವವರಿಗೆ ಅವೆಲ್ಲ ಗೊತ್ತು.

ನೀವಿಬ್ಬರೂ ಹೊಸಬರಾದ್ದರಿಂದ ತರಬೇತುದಾರರಿಲ್ಲದೆ ಹೋಗಲೇಬೇಡಿ, ಇದರಲ್ಲಿ ಎರಡು ಮಾತಿಲ್ಲ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲಿ ಶಿಲಾರೋಹಣದ ಶಿಬಿರಗಳು ನಡೆಯುತ್ತವೆ. ಖಾಸಗಿಯವರೂ ಇದ್ದಾರೆ. ಯಾರ ಜೊತೆ ಹೋದರೂ ಮೊದಲೇ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿ: ಆರು ವರ್ಷದವನಿಗೆ ಸರಿಹೊಂದುವ ಹೆಲ್ಮೆಟ್ ಮತ್ತು ಹಾರ್ನೆಸ್ (ಹಗ್ಗ ಸಿಕ್ಕಿಸಲು ಮೈಗೆ ಕಟ್ಟುವ ಪಟ್ಟಿ) ನಿಮ್ಮ ಹತ್ತಿರ ಇದೆಯೇ? ನಾವು ಮೊದಲು ಹೋದ ತಂಡದವರು ನನ್ನ ಮಗಳಿಗೆ ದೊಡ್ಡವರ ಹೆಲ್ಮೆಟ್ ಹಾಕಿ, ಒಳಗೆ ಟವೆಲ್ ತುರುಕಿ ಕಳಿಸಿದ್ದರು. ಅದು ಪದೇಪದೇ ಕಣ್ಣಿನ ಮೇಲೆ ಜಾರುತ್ತಿತ್ತು. ಆ ವಾರವೇ ನಮ್ಮದೇ ಹೆಲ್ಮೆಟ್ ಕೊಂಡೆವು. ಹಾರ್ನೆಸ್ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಚಿಕ್ಕ ಮಕ್ಕಳಿಗೆ ಸೊಂಟ ಇನ್ನೂ ರೂಪುಗೊಂಡಿರುವುದಿಲ್ಲ. ಸೊಂಟಕ್ಕೆ ಮಾತ್ರ ಕಟ್ಟುವ ಹಾರ್ನೆಸ್‌ನಿಂದ, ಆಯ ತಪ್ಪಿ ತಲೆಕೆಳಗಾದರೆ, ಮಗು ಜಾರಿ ಹೊರಬರಬಹುದು. ನಿಮ್ಮ ಮಗನಿಗೆ ಎದೆ, ಭುಜ ಎಲ್ಲ ಸೇರಿಸಿ ಕಟ್ಟುವ ಪೂರ್ತಿ ಮೈಯ ಹಾರ್ನೆಸ್ ಕೇಳಿ. ಮಕ್ಕಳು ಹತ್ತುವುದು ಟಾಪ್ ರೋಪ್‌ನಲ್ಲಿ ಮಾತ್ರ, ಅಂದರೆ ಹಗ್ಗ ಮೇಲಿನ ಆಂಕರ್ (ಬಂಡೆಗೆ ಭದ್ರ ಮಾಡಿದ ಆಸರೆ) ಹಾದು ಕೆಳಗೆ ಬಿಲೇ ಹಿಡಿದವರ (ಹತ್ತುವವರು ಬೀಳದಂತೆ ಹಗ್ಗ ಬಿಗಿ ಹಿಡಿದು ಕಾಯುವವರ) ಕೈಗೆ ಬರುವ ರೀತಿಯಲ್ಲಿ. ಕೈ ತಪ್ಪಿದರೂ ಒಂದೆರಡು ಅಡಿ ಜೋತಾಡಿ ನಿಲ್ಲುತ್ತಾರೆ. ರಬ್ಬರ್ ಅಟ್ಟೆಯ ಮಾಮೂಲಿ ಕ್ಯಾನ್ವಾಸ್ ಶೂ ಸಾಕು. ಬೆಳೆಯುವ ಪಾದಕ್ಕೆ ಬೆರಳು ಮಡಚುವಷ್ಟು ಬಿಗಿಯಾದ ಕ್ಲೈಂಬಿಂಗ್ ಶೂ ಕೊಡಿಸಬೇಡಿ.

ಈಗ ನನ್ನ ತಪ್ಪೊಂದನ್ನು ಹೇಳಬೇಕು, ನಿಮಗೆ ಅದರಿಂದ ಉಪಯೋಗವಾದೀತು. ಮಗಳಿಗೆ ಆಗ 7 ವರ್ಷ. ರಾಮನಗರದ ಹತ್ತಿರ ಒಂದು ಬಂಡೆಯಲ್ಲಿ ಸರಸರ ಹತ್ತಿ 20 ಅಡಿ ಮೇಲೆ ಹೋಗಿ ನಿಂತುಬಿಟ್ಟಳು. 'ಅಮ್ಮಾ, ಸಾಕು' ಎಂದಳು. ನಾನು ಕೆಳಗಿನಿಂದ, 'ಇನ್ನೊಂದೇ ಹೆಜ್ಜೆ ಕಣೋ ಪುಟ್ಟಾ, ಆಗುತ್ತೆ' ಎಂದೆ. ಎರಡು ಸಲ, ಮೂರು ಸಲ ಎಂದೆ. ಅವಳಿಗೆ ಕಾಲು ನಡುಗತೊಡಗಿತು, ಅಳು ಬಂತು, ಬಂಡೆಯನ್ನು ತಬ್ಬಿಕೊಂಡು ಬಿಡಲೊಲ್ಲಳು. ಬಿಲೇ ಹಿಡಿದಿದ್ದ ನಮ್ಮ ಯಜಮಾನರು, 'ಕೈ ಬಿಡು ಮಗಳೇ, ಹಗ್ಗ ಹಿಡಿದಿದೆ' ಎಂದರೂ ನಂಬುತ್ತಿಲ್ಲ. ಕೊನೆಗೆ ತರಬೇತಿಯ ಹುಡುಗ ಪಕ್ಕದಲ್ಲಿ ಹತ್ತಿ ಹೋಗಿ ಜೊತೆಯಲ್ಲಿ ಇಳಿಸಿದ. ಆಮೇಲೆ ಎಂಟು ತಿಂಗಳು ಅವಳು ಬಂಡೆ ಮುಟ್ಟಲಿಲ್ಲ.

ಬಹಳ ದಿನ ಆದಮೇಲೆ ಒಂದು ರಾತ್ರಿ ಮಲಗುವಾಗ ತಾನಾಗಿಯೇ ಹೇಳಿದಳು: 'ಹತ್ತೋದಕ್ಕೆ ಭಯ ಇರಲಿಲ್ಲಮ್ಮ. ಇಳಿಯೋದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.' ನಿಜ. ಗೋಡೆಯಲ್ಲಿ ಅವಳು ಕಂಡಿದ್ದು ತಾನಾಗಿ ಇಳಿಸುವ ಯಂತ್ರವನ್ನು. ಇಲ್ಲಿ ಹಗ್ಗಕ್ಕೆ ಮೈ ಒಪ್ಪಿಸಿ ಹಿಂದಕ್ಕೆ ವಾಲಬೇಕು, ಅದು ಕಣ್ಣು ಕಟ್ಟಿ ಬಾವಿಗೆ ಹಾರಿದ ಹಾಗೆ ಅನ್ನಿಸುತ್ತದೆ. ಈಗ ನಾವು ಯಾವ ಹೊಸ ಮಗು ಬಂದರೂ ನಾಲ್ಕು ಅಡಿ ಹತ್ತಿಸಿ ಅಲ್ಲೇ ನಿಲ್ಲಿಸುತ್ತೇವೆ. 'ಕುರ್ಚಿಯಲ್ಲಿ ಕೂತ ಹಾಗೆ ಕೂರು, ಕಾಲು ಅಗಲ ಮಾಡಿ ಬಂಡೆಗೆ ಒತ್ತು' ಎಂದು ಹೇಳಿ ಕೂರಿಸಿ ಇಳಿಸುತ್ತೇವೆ. ಹೀಗೆ ಐದಾರು ಸಲ. ಅದರಲ್ಲಿ ನಗು ಬಂದಮೇಲೆಯೇ ಮೇಲೆ ಕಳಿಸುವುದು. ಇನ್ನೊಂದು ವಿಷಯ: 18, 20 ಕಿಲೋ ತೂಕದ ಮಗುವಾದರೆ ಹಗ್ಗ ಬಂಡೆಗೆ ಉಜ್ಜಿಕೊಂಡು ಸಿಕ್ಕಿ, ಬಿಲೇಯವರು ಸಡಿಲ ಬಿಟ್ಟರೂ ಮಗು ಕೆಲವು ಸಲ ಕೆಳಗೆ ಬರುವುದೇ ಇಲ್ಲ. ಹಾಗಾದಾಗ ಗಾಬರಿಯಾಗದಿರಲು ಅದಕ್ಕೆ ಮೊದಲೇ ತಿಳಿಸಿರಿ. ಮಗು 'ಸಾಕು' ಎಂದ ಕೂಡಲೇ, ಎಷ್ಟೇ ಹತ್ತಿರ ತಲುಪಿರಲಿ, ಇಳಿಸಿಬಿಡಿ.

ಹೆಜ್ಜೇನಿನ ಬಗ್ಗೆ ಹೇಳದೆ ಮುಂದಕ್ಕೆ ಹೋಗಲಾರೆ. ನಮ್ಮ ಕಡೆಯ ಬಂಡೆಗಳಲ್ಲಿ ಬೀಳುವುದಕ್ಕಿಂತ ನನಗೆ ಹೆಚ್ಚು ಭಯವಿರುವುದು ಇದರದ್ದು. ಮುಂದಕ್ಕೆ ಚಾಚಿದ ಬಂಡೆಯ ಅಡಿಯಲ್ಲಿ ಮೊರದಷ್ಟು ಅಗಲದ ಗೂಡು ತೆರೆದೇ ನೇತಾಡುತ್ತಿರುತ್ತದೆ. ಜೇನು ಹಾರಿಹೋದರೂ ಬಂಡೆಗೆ ಮೇಣದ ಅರ್ಧಚಂದ್ರದ ಗುರುತು ಉಳಿದಿರುತ್ತದೆ, ಅವು ವರ್ಷ ವರ್ಷ ಅದೇ ತಾವಿಗೆ ಮರಳುತ್ತವೆ. ಆದ್ದರಿಂದ ಹೋದ ಕೂಡಲೇ ಹಗ್ಗ ಬಿಚ್ಚಬೇಡಿ, ಐದು ನಿಮಿಷ ತಲೆಯೆತ್ತಿ ಇಡೀ ಬಂಡೆ ನೋಡಿ, ದನ ಕುರಿ ಮೇಯಿಸುವವರನ್ನು ಕೇಳಿ. ಗೂಡು ಕಂಡರೆ ವಾಪಸ್ ಬನ್ನಿ. ಸೆಂಟು ಬೇಡ, ಬೆಂಕಿ ಹೊಗೆ ಬೇಡ, ಮಕ್ಕಳು ಕಲ್ಲು ಎಸೆಯಕೂಡದು. ಎದ್ದೇಬಿಟ್ಟರೆ ಕೈ ಬೀಸದೆ ಮುಖ ಮುಚ್ಚಿಕೊಂಡು ಗಾಡಿಯ ಕಡೆ ಓಡಬೇಕು. ಕೊಂಡಿಯನ್ನು ಉಗುರಿನಿಂದ ಬೇಗ ಕೆರೆದು ತೆಗೆಯಿರಿ. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ಅಥವಾ ಮಗುವಿಗೆ ತುಂಬ ಕಡೆ ಕಚ್ಚಿದ್ದರೆ ತಕ್ಷಣ ಆಸ್ಪತ್ರೆ.

ಹತ್ತಿರದ ಉಳಿದ ಜಾಗಗಳು: ಕನಕಪುರ ರಸ್ತೆ ಕಡೆಯ ತುರಹಳ್ಳಿಯ ಗುಂಡುಗಲ್ಲುಗಳ ಮೇಲೆ ಬೆಂಗಳೂರಿನ ಹಳೆಯ ಆರೋಹಿಗಳೆಲ್ಲ ಕೈ ಪಳಗಿಸಿಕೊಂಡಿದ್ದಾರೆ. ಅರಣ್ಯ ಇಲಾಖೆಯ ಜಾಗ, ಒಳಗೆ ಬಿಡುತ್ತಾರೆಯೇ ಎಂದು ಮೊದಲು ವಿಚಾರಿಸಿ. ದೇವನಹಳ್ಳಿ ಹತ್ತಿರದ ಆವತಿಯೂ ಚಿಕ್ಕದು, ಚೊಕ್ಕದು. ಕೋಲಾರದ ಅಂತರಗಂಗೆಯಲ್ಲಿ ಹಗ್ಗವೇ ಬೇಕಿಲ್ಲ. ಕಲ್ಲಿನ ಬಸವನ ಬಾಯಿಂದ ನೀರು ಸುರಿಯುವ ದೇವಸ್ಥಾನ ದಾಟಿ ಮೇಲೆ ಹೋದರೆ ಒಂದರ ಮೇಲೊಂದು ಬಿದ್ದ ಬಂಡೆಗಳ ನಡುವೆ ನುಸುಳುವ ಗವಿಗಳಿವೆ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡರೆ ನಿಮ್ಮ ಮಗನಿಗೆ ಬೆಳಗಿನ ಹೊತ್ತು ಹೋದದ್ದೇ ಗೊತ್ತಾಗದು. ತಿಂಡಿ ಚೀಲ ಮಾತ್ರ ಕೋತಿಗಳಿಗೆ ಕಾಣಿಸಬಾರದು. ಸಾವನದುರ್ಗ, ಮಧುಗಿರಿ ಎರಡೂ ಏಕಶಿಲಾ ಬೆಟ್ಟಗಳು. ಎತ್ತರ, ನೆರಳಿಲ್ಲ, ಅರ್ಧ ದಾರಿಯಲ್ಲಿ ಮಗು ಸೋತರೆ ಇಳಿಸುವುದು ಕಷ್ಟ, ಮಳೆ ಹನಿ ಬಿದ್ದರೆ ಬಂಡೆ ಪಾಚಿಗಟ್ಟಿದ ಬಚ್ಚಲಿನಂತೆ. ನನ್ನ ತವರಿನ ಬೆಟ್ಟವೇ ಆದರೂ ಮಗನನ್ನು ನಾನಿನ್ನೂ ಕರೆದೊಯ್ದಿಲ್ಲ.

ಬಾದಾಮಿಯ ಮಾತೇ ಬೇರೆ. ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿದರೆ ಬೆಳಗ್ಗೆ ಕೆಂಪು ಮರಳುಗಲ್ಲಿನ ಊರು. ಅಲ್ಲಿನ ಬಂಡೆ ಪದರ ಪದರವಾಗಿ ಅಡ್ಡಕ್ಕೆ ಸೀಳಿದೆ. ಎಳೆಯ ಬೆರಳುಗಳಿಗೆ ಪುಸ್ತಕದ ಕಪಾಟಿನ ಅಂಚು ಹಿಡಿದಂತೆ ಹಿಡಿತ ಸಿಗುತ್ತದೆ. ಹಗ್ಗ ಸಿಕ್ಕಿಸಲು ಬಂಡೆಗೆ ಬೋಲ್ಟ್ ಹೊಡೆದು ಸಿದ್ಧಮಾಡಿದ ದಾರಿಗಳಿವೆ, ದೇಶ ವಿದೇಶದವರು ಹುಡುಕಿಕೊಂಡು ಬರುತ್ತಾರೆ, ಅದೆಲ್ಲ ಊರಿನಿಂದ ನಡೆದು ಹೋಗುವಷ್ಟು ದೂರದಲ್ಲಿ. ಬೆಳಗ್ಗೆ ಹತ್ತಿ, ಮಧ್ಯಾಹ್ನ ಜೋಳದ ರೊಟ್ಟಿ ಎಣ್ಣೆಗಾಯಿ ಉಂಡು, ಸಂಜೆ ಅಗಸ್ತ್ಯತೀರ್ಥದ ದಂಡೆಯಲ್ಲಿ ಭೂತನಾಥ ಗುಡಿಯ ಮೆಟ್ಟಿಲ ಮೇಲೆ ಕೂತರೆ ದೊಡ್ಡವರಿಗೂ ತೃಪ್ತಿ. ಎರಡು ನಿಯಮ ಮರೆಯಬೇಡಿ. ಚಾಲುಕ್ಯರ ಗುಹೆ, ಕೋಟೆಗೋಡೆ, ಕೆತ್ತನೆ ಇರುವ ಯಾವ ಕಲ್ಲಿಗೂ ಕಾಲಿಡಬಾರದು, ಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿರಿ. ಮಳೆ ಬಂದಿದ್ದರೆ ಬಂಡೆ ಒಣಗುವವರೆಗೆ ಹತ್ತಬಾರದು. ನೆನೆದ ಮರಳುಗಲ್ಲು ಬಲ ಕಳೆದುಕೊಂಡು ಹಿಡಿದ ಚೂರೇ ಕಿತ್ತು ಬರಬಹುದು.

ಹಂಪಿಯನ್ನು ಮೂರನೆಯದಾಗಿ ಇಟ್ಟಿದ್ದು ಕಲ್ಲಿನ ಕೊರತೆಯಿಂದಲ್ಲ. ಆನೆಗೊಂದಿ, ಸಾಣಾಪುರ ಕಡೆಯ ಗುಂಡುಗಲ್ಲುಗಳು ಬೋಲ್ಡರಿಂಗ್‌ಗೆ, ಅಂದರೆ ತಗ್ಗಿನ ಗುಂಡುಗಲ್ಲು ಹತ್ತುವುದಕ್ಕೆ, ಹೇಳಿ ಮಾಡಿಸಿದಂತಿವೆ. ಆದರೆ ಬೋಲ್ಡರಿಂಗ್‌ನಲ್ಲಿ ಹಗ್ಗವಿಲ್ಲ, ಪ್ರತಿ ಜಾರುವಿಕೆಯೂ ನೆಲದವರೆಗೆ. ಕ್ರ್ಯಾಶ್ ಪ್ಯಾಡ್ (ಬಿದ್ದಾಗ ಪೆಟ್ಟಾಗದಂತೆ ಇಡುವ ದಪ್ಪ ಮೆತ್ತೆ) ಹಾಸಿದರೂ ಪಕ್ಕದ ಸಂದಿಯಲ್ಲಿ ಕಾಲು ಸಿಗಬಹುದು. ಮಕ್ಕಳಿಗೆ ನಿಮ್ಮ ಭುಜದ ಎತ್ತರವೇ ಗಡಿಯಾಗಿರಲಿ, ಹತ್ತಿದ ದಾರಿಯಲ್ಲೇ ಇಳಿಯುವುದು ಬರಲಿ. ಬಿಸಿಲೇರಿದರೆ ಕಲ್ಲು ಕಾದ ಕಾವಲಿ, ಸಂಜೆಯಾದರೆ ಚಿರತೆ ಕರಡಿ ಓಡಾಡುವ ಸೀಮೆ. ಬೆಳಗ್ಗೆ ಬೇಗ ಹೋಗಿ ಒಂಬತ್ತೂವರೆಗೆ ಮುಗಿಸಿ. ತುಂಗಭದ್ರೆ ಎಷ್ಟೇ ಕರೆದರೂ ಮಕ್ಕಳನ್ನು ನೀರಿಗೆ ಬಿಡಬೇಡಿ, ಸುಳಿಯೂ ಇದೆ, ಮೊಸಳೆಯೂ ಇದೆ.

ಮೂರೂ ಕಡೆಗೆ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ತಲೆಗೆ ಎರಡು ಲೀಟರ್ ನೀರು, ಚಿತ್ರಾನ್ನವೋ ಚಪಾತಿ ಸುರುಳಿಯೋ, ಹಗ್ಗಕ್ಕೆ ಸರದಿ ಕಾಯುವ ಹೊತ್ತಿಗೆ ಚೌಕಾಬಾರ ಆಡಲು ನಾಲ್ಕು ಕವಡೆ ಇರಲಿ. ನೆಲದ ಮೇಲೆ ಮನೆ ಗೀಚಿಕೊಂಡರೆ ಸಾಕು. ರಾಮನಗರಕ್ಕೆ ಯಾವ ವಾರ ಹೋಗುತ್ತೀರಿ ಎಂದು ಇಲ್ಲೇ ಕೆಳಗೆ ಬರೆಯಿರಿ. ಅಲ್ಲಿ ಆಗಾಗ ಹತ್ತುವ ಗೆಳತಿಯರಿದ್ದಾರೆ, ಆ ವಾರ ಯಾವ ಬಂಡೆಯಲ್ಲಿ ಜೇನು ಕೂತಿದೆ ಎಂದು ಕೇಳಿ ತಿಳಿಸುತ್ತೇನೆ.