ವಯಸ್ಸಾದ ತಂಬೂರಿ ಅಯ್ಯನ ಹತ್ತಿರ ಮಂಟೇಸ್ವಾಮಿ ಕಥೆ ಕಲಿಯೋದು ಹೇಗೆ?

ನಿಮ್ಮೂರಿಗೆ ಕ್ವಾರಣ್ಯಕ್ಕೆ, ಅಂದರೆ ಮಠದ ಹೆಸರಿನ ಭಿಕ್ಷೆಗೆ ಬರುವ ನೀಲಗಾರ ಅಯ್ಯನವರ ಹತ್ತಿರ, ಅವರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಅನ್ನೋ ಸಂತನ ಕಥೆ ಕಲಿಯುವ ಆಸೆ ನಿಮಗೆ. ಅವರು ನೋಡಿದರೆ "ನಿಂಗ್ಯಾಕ್ಲಾ ಮಗ ಇದು, ಓದ್ಕೊ ಹೋಗು" ಅಂದುಬಿಟ್ಟಿದ್ದಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕಲಿತರೆ ಸಾಲದಾ ಅಂತ ಕೇಳಿದ್ದೀರಿ.

ಸಾಲದು. ಹಿಮ್ಮೇಳಕ್ಕೆ, ಅಂದರೆ ಅವರ ಹಿಂದೆ ದನಿಗೂಡಿಸೋಕೆ ಕೂತುಕೊಳ್ಳಿ. ನಾನು ಮಳವಳ್ಳಿ ಕಡೆಯ ಒಂದು ಮೇಳದಲ್ಲಿ ಹಿಮ್ಮೇಳ ಹಾಡುತ್ತಾ ಬೆಳೆದವನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

"ಕಲಿಸಿ" ಅಂದರೆ ಅಯ್ಯನವರು ಸುಲಭಕ್ಕೆ ಒಪ್ಪಲ್ಲ. ಅವರಿಗೂ ಯಾರೂ ಕೂರಿಸಿಕೊಂಡು ಕಲಿಸಿರಲ್ಲ, ಹಿಂದೆ ಕೂತು ಎತ್ತಿಕೊಂಡಿರುತ್ತಾರೆ. "ತಾಳ ಹಾಕ್ತೀನಿ, ಕಥೆ ಇದ್ದಾಗ ಕರೀರಿ" ಅಂತ ಕೇಳಿ ನೋಡಿ. ತಿಥಿ ಮನೆಯಲ್ಲೋ ಹರಕೆ ಮನೆಯಲ್ಲೋ ಊಟ ಮುಗಿದ ಮೇಲೆ ಶುರುವಾದ ಕಥೆ ನಿಲ್ಲುವಷ್ಟರಲ್ಲಿ ಬೆಳಗಾಗಿರುತ್ತದೆ. ಅಯ್ಯ ಒಂದು ಕೈಯಲ್ಲಿ ತಂಬೂರಿ ಮೀಟುತ್ತಾ ಇನ್ನೊಂದು ಕೈಯಲ್ಲಿ ಗಲಗಲ ಅನ್ನೋ ಲೋಹದ ಗಗ್ಗರ ಆಡಿಸುತ್ತಾರೆ. ಅವರು ಎತ್ತಿದ ಸೊಲ್ಲಿನ ಕೊನೆಯನ್ನು ನೀವು ಹಿಡಿಯಬೇಕು. ನೀವು ಹಾಡುವಷ್ಟು ಹೊತ್ತು ಅವರು ಉಸಿರು ತಗೊಂಡು ಮುಂದಿನ ಮಾತು ಹುಡುಕಿಕೊಳ್ಳುತ್ತಾರೆ. ಜನ ತೂಕಡಿಸಿದರೆ ಕಥೆ ಬೇಗ ಓಡುತ್ತದೆ. ಮುಂದೆ ಕೂತ ಹೆಂಗಸರು ಕಣ್ಣೊರೆಸಿಕೊಂಡರೆ ಅದೇ ಜಾಗ ಹಿಗ್ಗುತ್ತದೆ. ಈ ಅಂದಾಜು ರೆಕಾರ್ಡಿನಲ್ಲಿ ಬರಲ್ಲ. ಸಾಲುಗಳ, ಅಂದರೆ ಕಥೆಯ ಭಾಗಗಳ ಅನುಕ್ರಮ ನೆನಪಿಟ್ಟುಕೊಳ್ಳೋಕೆ ಬೇಕಾದರೆ ಅವರನ್ನು ಕೇಳಿ ರೆಕಾರ್ಡ್ ಮಾಡಿಕೊಳ್ಳಿ.

ಮೊದಲು ಸಿದ್ಧಪ್ಪಾಜಿ ಸಾಲು ಹಿಡಿಯಿರಿ. ನಿಡಘಟ್ಟದ ಕೆಂಪಾಚಾರಿ ಅನ್ನೋ ಹುಡುಗನನ್ನು ಮಂಟೇಸ್ವಾಮಿ ಶಿಶುಮಗನಾಗಿ, ಅಂದರೆ ಶಿಷ್ಯನಾಗಿ ಕೇಳುತ್ತಾರೆ, ಹೆತ್ತವರು ಕೊಡಲ್ಲ ಅನ್ನುತ್ತಾರೆ. ಅದೇ ಹುಡುಗ ಎಷ್ಟೋ ಕಷ್ಟ ತಿಂದು ಸಿದ್ಧಪ್ಪಾಜಿಯಾಗಿ, ಗುರುವಿನ ಮಾತಿಗೆ ಹಲಗೂರಿನಲ್ಲಿ ಕಬ್ಬಿಣದ ಕೆಲಸ ಮಾಡುವ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಶಿಷ್ಯನಾಗೋದರ ಕಷ್ಟವನ್ನು ಇಷ್ಟು ಚೆನ್ನಾಗಿ ಹೇಳಿದ ಕಥೆ ನಾನು ಬೇರೆ ಕೇಳಿಲ್ಲ.

ಅಯ್ಯ ಬೇಡ ಅಂದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನೀಲಗಾರರಲ್ಲಿ ಹೆಚ್ಚಿನವರು ದಲಿತರು. ಮಠದ ಹೆಸರಿನಲ್ಲಿ ಜೋಳಿಗೆ ಹಿಡಿದರೂ ಭಿಕ್ಷೆಯವರು ಅಂತ ಅನ್ನಿಸಿಕೊಂಡವರು. ಆ ಮಾತು ನಿಮಗೂ ತಟ್ಟಬಾರದು ಅನ್ನೋ ಕಾಳಜಿ ಅದು. ಹಾಗಾಗಿ ಓದು ಬಿಡಬೇಡಿ. ಕಥೆ ಇರೋದು ರಾತ್ರಿ ಹೊತ್ತು, ಎರಡೂ ನಡೆಯುತ್ತದೆ. ನೀಲಗಾರನಾಗುವ ದೀಕ್ಷೆಯ ಮಾತು ಬಂದರೆ ಮಾತ್ರ ಮನೆಯವರನ್ನು ಕೇಳದೆ ಹೂಂ ಅನ್ನಬೇಡಿ. ಆಮೇಲೆ ಕ್ವಾರಣ್ಯ, ಜಾತ್ರೆ, ನೇಮ ಎಲ್ಲವೂ ಹೆಗಲಿಗೆ ಬೀಳುತ್ತವೆ.

ಜನವರಿ ಹೊತ್ತಿಗೆ ಬನದ ಹುಣ್ಣಿಮೆಗೆ ಕೊಳ್ಳೇಗಾಲದ ಹತ್ತಿರ ಚಿಕ್ಕಲ್ಲೂರು ಜಾತ್ರೆ. ಅವರ ಜೋಳಿಗೆ ಹೊತ್ತುಕೊಂಡು ಹೋಗಿ, ಅಲ್ಲಿ ರಾತ್ರಿ ಹೊತ್ತಿಸುವ ಚಂದ್ರಮಂಡಲ ನೋಡಿ, ಬೇರೆ ಬೇರೆ ಮೇಳದವರು ಒಂದೇ ಸಾಲನ್ನು ಹೇಗೆ ಹೇಳುತ್ತಾರೆ ಅಂತ ಕೇಳಿ. ಹಿಮ್ಮೇಳಕ್ಕೆ ಒಂದು ದನಿ ಕಮ್ಮಿ ಬಿದ್ದ ರಾತ್ರಿ ಅಯ್ಯ ತಾವೇ ನಿಮ್ಮನ್ನು ಕರೆಯುತ್ತಾರೆ.